ಕವರ್ ಫೋಟೊ ಸರಿಯಾಗಿ ಕೂರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ನವೆಂಬರ್ 1 ಹತ್ತಿರ ಬಂದಂತೆ ಕನ್ನಡ ಸಂಘಗಳ, ಹವ್ಯಾಸಿ ನಾಟಕ ತಂಡಗಳ, ಓದುಗ ಬಳಗಗಳ ಫೇಸ್‌ಬುಕ್ ಪುಟಗಳೆಲ್ಲ ಹಳದಿ-ಕೆಂಪಿಗೆ ತಿರುಗುತ್ತವೆ. ಪುಟದ ನೆತ್ತಿಯಲ್ಲಿರುವ ಅಡ್ಡಚಿತ್ರದ, ಅಂದರೆ ಕವರ್ ಫೋಟೊದ ದೋಷಗಳೂ ಆ ಹೊತ್ತಿಗೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ತಂಡದ ಹೆಸರಿನ ಮೊದಲ ಅಕ್ಷರ ಫೋನಿನಲ್ಲಿ ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಭುವನೇಶ್ವರಿಯ ಕಿರೀಟ ಹಾರಿಹೋಗಿರುತ್ತದೆ. ಅಕ್ಷರಗಳ ಸುತ್ತ ಕೊಳೆ ಕೂತಂತೆ ಕಾಣುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಸರಿಯಾದ ಸೈಜ್ ಎಷ್ಟು?

ಸಂಖ್ಯೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಆದರೆ ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ಎಂದು ನಂಬಬೇಡಿ. ಚಿತ್ರ ಕೆಡಲು ಕಾರಣಗಳು ಹಲವು: ಅದರ ಆಕಾರ ಹೊಂದದೆ ಇರಬಹುದು, ಪಿಕ್ಸೆಲ್ ಸಾಲದೆ ಇರಬಹುದು, ಕೈಯಿಂದ ಕೈಗೆ ದಾಟುವಾಗ ಕುಗ್ಗಿರಬಹುದು, ಬಣ್ಣದ ವಿಧವೇ ತಪ್ಪಿರಬಹುದು. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ. ಅಂಚು ಕತ್ತರಿಸಿದ ಚಿತ್ರವನ್ನು ಎಷ್ಟು ದೊಡ್ಡದು ಮಾಡಿ ಹಾಕಿದರೂ ಅದು ಮತ್ತೆ ಅಲ್ಲೇ ಕತ್ತರಿಸುತ್ತದೆ.

ಮೊದಲು ನೋಡಬೇಕಾದ್ದು

ಏನನ್ನೂ ತಿದ್ದುವ ಮೊದಲು ಒಂದೇ ಕವರ್ ಫೋಟೊವನ್ನು ಮೂರು ಕಡೆ ನೋಡಿ: ಫೋನಿನ ಆ್ಯಪ್‌ನಲ್ಲಿ, ಕಂಪ್ಯೂಟರಿನ ಬ್ರೌಸರ್‌ನಲ್ಲಿ, ಮತ್ತು ಅಪ್‌ಲೋಡ್ ಮಾಡಿದ ಮೂಲ ಫೈಲ್ ತೆರೆದು. ಈ ಮೂರನ್ನು ಹೋಲಿಸಿದರೆ ಅರ್ಧ ಪತ್ತೆ ಮುಗಿಯುತ್ತದೆ. ಮೂಲ ಫೈಲೇ ಮಬ್ಬಾಗಿದ್ದರೆ ಫೇಸ್‌ಬುಕ್ ಸೆಟ್ಟಿಂಗ್ ಹುಡುಕಿ ಪ್ರಯೋಜನವಿಲ್ಲ. ಮೂಲ ಸ್ಪಷ್ಟವಾಗಿದ್ದು, ಕಂಪ್ಯೂಟರಿನಲ್ಲಿ ಸರಿಯಿದ್ದು, ಫೋನಿನಲ್ಲಿ ಮಾತ್ರ ಎಡಬಲ ಹೋಗಿದ್ದರೆ ಅದು ಆಕಾರದ ದೋಷ. ಮೂಲ ಸ್ಪಷ್ಟವಾಗಿದ್ದು ಎರಡೂ ಕಡೆ ಮಬ್ಬಾಗಿದ್ದರೆ ಪಿಕ್ಸೆಲ್ ಕೊರತೆ ಅಥವಾ ಕುಗ್ಗಿಸುವಿಕೆ. ಎಲ್ಲವೂ ಜಾಗದಲ್ಲಿದ್ದು ಬಣ್ಣ ಮಾತ್ರ ಮಂಕಾಗಿದ್ದರೆ ಅದು ಬೇರೆಯೇ ದಾರಿ.

ಆಮೇಲೆ ಮೂಲ ಫೈಲಿನ ಅಳತೆ ನೋಡಿ. ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರೊಳಗೆ ಡೀಟೇಲ್ಸ್. ಫೋನಿನ ಗ್ಯಾಲರಿಯಲ್ಲಿ ಚಿತ್ರದ ವಿವರ ತೆರೆದರೆ ಅಗಲ ಮತ್ತು ಎತ್ತರ ಪಿಕ್ಸೆಲ್‌ಗಳಲ್ಲಿ ಸಿಗುತ್ತವೆ. ಫೈಲಿನ ಹೆಸರನ್ನೂ ಓದಿ. ಆಂಡ್ರಾಯ್ಡ್ ಫೋನಿನಲ್ಲಿ ಹೆಸರಿನೊಳಗೆ ದಿನಾಂಕ, ಅದರ ಪಕ್ಕದಲ್ಲೇ ‘ಡಬ್ಲ್ಯೂಎ’ ಅಕ್ಷರಗಳು ಮತ್ತು ಒಂದು ಸಂಖ್ಯೆ ಇದ್ದರೆ ಅದು ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರ. ‘ಎಫ್‌ಬಿ’ ಎಂದು ಶುರುವಾಗಿದ್ದರೆ ಫೇಸ್‌ಬುಕ್‌ನಿಂದಲೇ ಇಳಿಸಿಕೊಂಡದ್ದು. ಎರಡೂ ಮೂಲ ಫೈಲ್‌ಗಳಲ್ಲ. ಇಷ್ಟು ತಿಳಿದರೆ ಎಷ್ಟೋ ಸಲ ಮುಂದೆ ಹುಡುಕುವ ಕೆಲಸವೇ ಇರುವುದಿಲ್ಲ.

ಅಂಚು ಕತ್ತರಿಸಿ ಹೋಗಿದ್ದರೆ

ಫೇಸ್‌ಬುಕ್ ಪೇಜ್‌ನ ಕವರ್ ಕಂಪ್ಯೂಟರಿನಲ್ಲಿ 851 × 315 ಪಿಕ್ಸೆಲ್ ಅಳತೆಯಲ್ಲಿ ಕಾಣುತ್ತದೆ, ಫೋನಿನಲ್ಲಿ 640 × 360. ಇಡೀ ಗೊಂದಲದ ಬೇರು ಈ ಎರಡು ಸಂಖ್ಯೆಗಳಲ್ಲಿದೆ. ಎರಡರ ಆಕಾರ ಒಂದೇ ಅಲ್ಲ. ಮೊದಲನೆಯದರಲ್ಲಿ ಅಗಲ ಎತ್ತರದ 2.7 ಪಟ್ಟು, ಎರಡನೆಯದರಲ್ಲಿ 1.78 ಪಟ್ಟು, ಅಂದರೆ ಟಿವಿ ಪರದೆಯ 16:9. ಒಂದೇ ದೃಶ್ಯವನ್ನು ಒಂದು ಅಡ್ಡ ಕಿಟಕಿಯಿಂದ, ಇನ್ನೊಂದು ಸ್ವಲ್ಪ ಎತ್ತರದ ಕಿಟಕಿಯಿಂದ ನೋಡಿದ ಹಾಗೆ. ಎರಡರಲ್ಲೂ ಕಾಣುವುದು ನಡುವಿನ ಭಾಗ ಮಾತ್ರ.

‘ಸರಿಯಾದ ಸೈಜ್ 851 × 315’ ಎಂದು ಓದಿ ಅಷ್ಟೇ ಅಳತೆಯಲ್ಲಿ ಚಿತ್ರ ಮಾಡಿದರೆ ಏನಾಗುತ್ತದೆ? ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಫೋನಿನಲ್ಲಿ 315ರ ಎತ್ತರ ಪೂರ್ತಿ ಬಂದಾಗ 16:9 ಲೆಕ್ಕಕ್ಕೆ ಅಗಲ 560 ಮಾತ್ರ ಸಿಗುತ್ತದೆ. ಎಡಕ್ಕೆ ಸುಮಾರು 145, ಬಲಕ್ಕೆ ಸುಮಾರು 145 ಪಿಕ್ಸೆಲ್ ಹೊರಗೆ ಉಳಿಯುತ್ತವೆ. ಒಟ್ಟು ಅಗಲದ ಮೂರನೇ ಒಂದು ಭಾಗವೇ ಇಲ್ಲ. ಹೆಸರನ್ನು ಅಂಚಿನಿಂದ ಅಂಚಿಗೆ ಬರೆದಿದ್ದರೆ ಮೊದಲ ಎರಡು ಅಕ್ಷರ, ಕೊನೆಯ ಎರಡು ಅಕ್ಷರ ಹೋದಂತೆಯೇ. ಪುಟ ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಫೋನು. ಹಾಗಾಗಿ ಇದನ್ನು ಸಣ್ಣ ದೋಷ ಎಂದು ಬಿಡಲಾಗದು.

ಇದಕ್ಕೆ ಎರಡು ಆಕಾರಗಳ ನಡುವೆ ಬರುವ ಒಂದು ಕ್ಯಾನ್ವಾಸ್ (ಚಿತ್ರ ರಚಿಸುವ ಖಾಲಿ ಹಾಳೆ) ಹಿಡಿಯಬೇಕು. ನಾನು ಶಿಫಾರಸು ಮಾಡುವುದು 1640 × 720. ಕಂಪ್ಯೂಟರಿನಲ್ಲಿ ಇದರ ಅಗಲ ಪೂರ್ತಿ ಉಳಿಯುತ್ತದೆ, ಮೇಲೆ ಕೆಳಗೆ ಸುಮಾರು 56 ಪಿಕ್ಸೆಲ್‌ನಷ್ಟು ಹೋಗುತ್ತದೆ. ಫೋನಿನಲ್ಲಿ ಎತ್ತರ ಪೂರ್ತಿ ಉಳಿಯುತ್ತದೆ, ಎಡಬಲದಲ್ಲಿ 180ರಷ್ಟು ಹೋಗುತ್ತದೆ. ಎರಡಕ್ಕೂ ಉಳಿಯುವ ನಡುವಿನ ಜಾಗ ಸುಮಾರು 1280 × 607. ಅದನ್ನೂ ಪೂರ್ತಿ ತುಂಬಬೇಡಿ. ಹೆಸರು, ಲಾಂಛನ, ಮುಖಗಳು ನಡುವಿನ 1200 × 560ರೊಳಗೆ ಇರಲಿ. ಉಳಿದ ಸುತ್ತಿನಲ್ಲಿ ಹೋದರೂ ಬೇಸರವಾಗದಂಥದ್ದು ಇರಲಿ: ಆಕಾಶ, ಪರದೆ, ಬರಿ ಬಣ್ಣ.

ಕೆಳಗಿನ ಎಡಮೂಲೆಯನ್ನು ಮಾತ್ರ ಇನ್ನಷ್ಟು ಖಾಲಿ ಬಿಡಿ. ಪ್ರೊಫೈಲ್ ಚಿತ್ರದ ವೃತ್ತ ಕವರ್ ಮೇಲೆ ಹತ್ತಿ ಕೂರುತ್ತದೆ. ಅದರ ಜಾಗವನ್ನು ಫೇಸ್‌ಬುಕ್ ಆಗಾಗ ಅತ್ತಿತ್ತ ಸರಿಸಿದೆ. ಆದರೆ ಕವರ್‌ನ ಕೆಳ ಅಂಚಿಗೆ ಅದು ತಾಗುವುದಂತೂ ತಪ್ಪಿಲ್ಲ. ಫೋನ್ ನಂಬರನ್ನು ಕೆಳ ಅಂಚಿನಲ್ಲಿ ಬರೆಯುವ ಅಭ್ಯಾಸವಿದ್ದವರು ಇದನ್ನು ಗಮನಿಸಬೇಕು.

ಫ್ಲೆಕ್ಸ್‌ನ ಫೈಲನ್ನೇ ಕವರ್ ಮಾಡಿದಾಗ

ನಮ್ಮ ಕಡೆ ಅತಿ ಹೆಚ್ಚು ಕಾಣುವ ದೋಷ ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಕಾರ್ಯಕ್ರಮಕ್ಕೆ ಫ್ಲೆಕ್ಸ್ ಮಾಡಿಸುತ್ತಾರೆ. ಡಿಟಿಪಿ ಅಂಗಡಿಯವರು ಕೋರೆಲ್‌ಡ್ರಾನಲ್ಲಿ ವಿನ್ಯಾಸ ಮಾಡಿ ಒಂದು ಜೆಪೆಗ್ (ಕುಗ್ಗಿಸಿದ ಚಿತ್ರದ ಫೈಲ್) ಕಳಿಸುತ್ತಾರೆ. ‘ಡಿಸೈನ್ ಹೇಗೂ ರೆಡಿ ಇದೆಯಲ್ಲ’ ಎಂದು ಅದನ್ನೇ ಕವರ್‌ಗೆ ಹಾಕುತ್ತಾರೆ.

ಆರು ಅಡಿ ಅಗಲ, ಮೂರು ಅಡಿ ಎತ್ತರದ ಫ್ಲೆಕ್ಸ್ ಎಂದುಕೊಳ್ಳಿ. ಇಂಚಿಗೆ 72 ಪಿಕ್ಸೆಲ್‌ನಂತೆ ಫೈಲ್ ಇದ್ದರೆ ಅದು 5184 × 2592. ಪಿಕ್ಸೆಲ್‌ಗೆ ಬರವಿಲ್ಲ, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೂ ಕವರ್ ಹಾಳಾಗುತ್ತದೆ, ಏಕೆಂದರೆ ಆಕಾರ 2:1. ಕಂಪ್ಯೂಟರಿನ 2.7ರ ಪಟ್ಟಿಗೆ ಅದನ್ನು ಕೂರಿಸಿದಾಗ ಎತ್ತರದಲ್ಲಿ ಸುಮಾರು 1919 ಮಾತ್ರ ಉಳಿಯುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಫ್ಲೆಕ್ಸ್‌ನಲ್ಲಿ ಮೇಲುಗಡೆ ಏನಿರುತ್ತದೆ? ‘ಪ್ರಸನ್ನ’ದ ಸಾಲು, ಅದರ ಕೆಳಗೆ ಸಂಘದ ಹೆಸರು. ಕೆಳಗಡೆ ಏನಿರುತ್ತದೆ? ದಿನಾಂಕ, ಸ್ಥಳ, ‘ಸರ್ವರಿಗೂ ಆದರದ ಸ್ವಾಗತ’. ಮುಖ್ಯವಾದದ್ದೆಲ್ಲ ಮೇಲೆ ಮತ್ತು ಕೆಳಗೆ, ಕತ್ತರಿ ಬೀಳುವುದೂ ಅಲ್ಲಿಯೇ. ಎಳೆದು ಸರಿಸಿ ಮೇಲಿನದನ್ನು ಉಳಿಸಲು ಹೋದರೆ ಕೆಳಗಿನದು ಪೂರ್ತಿ ಹೋಗುತ್ತದೆ.

ಇದಕ್ಕೆ ಕ್ರಾಪ್ ಮಾಡುವುದು, ಕುಗ್ಗಿಸುವುದು ಯಾವುದೂ ಪರಿಹಾರವಲ್ಲ. ಚಿತ್ರವನ್ನು ಒತ್ತಿ ಚಪ್ಪಟೆ ಮಾಡಿದರೆ ಅತಿಥಿಗಳ ಮುಖಗಳು ಅಗಲವಾಗುತ್ತವೆ. ಹಾಗೆ ಮಾಡಲೇಬೇಡಿ. ಅಂಗಡಿಯಲ್ಲಿ ಆರ್ಡರ್ ಕೊಡುವಾಗಲೇ ಹೇಳಿಬಿಡಿ: ಫೇಸ್‌ಬುಕ್‌ಗೆ ಬೇರೆ ಫೈಲ್ ಬೇಕು, 1640 × 720 ಪಿಕ್ಸೆಲ್, ಆರ್‌ಜಿಬಿ, ಹೆಸರು ಮತ್ತು ಒಂದು ಚಿತ್ರ ಮಾತ್ರ ನಡುವೆ ಬರಲಿ. ಫ್ಲೆಕ್ಸ್ ಮಾಡಿದವರಿಗೆ ಅದು ಕೆಲವೇ ನಿಮಿಷಗಳ ಕೆಲಸ, ಎಲ್ಲ ತುಣುಕುಗಳು ಅವರ ಬಳಿ ಬಿಡಿಬಿಡಿಯಾಗಿ ಇರುತ್ತವೆ. ಜೆಪೆಗ್ ಆಗಿ ನಮ್ಮ ಕೈಗೆ ಬಂದ ಮೇಲೆ ಅವನ್ನು ಬಿಡಿಸುವುದು ಕಷ್ಟ.

ಆರ್‌ಜಿಬಿ ಎಂದು ಒತ್ತಿ ಹೇಳಲು ಕಾರಣವಿದೆ. ಮುದ್ರಣದ ಫೈಲ್ ಸಾಮಾನ್ಯವಾಗಿ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕದಲ್ಲಿರುತ್ತದೆ. ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ, ಅದೇ ಆರ್‌ಜಿಬಿ. ಶಾಯಿಯ ಲೆಕ್ಕದ ಫೈಲನ್ನು ನೇರವಾಗಿ ಏರಿಸಿದರೆ ಪರಿವರ್ತನೆಯಲ್ಲಿ ಅರಿಶಿನ ಹಳದಿ ಮಣ್ಣು ಬಣ್ಣಕ್ಕೆ ತಿರುಗಬಹುದು, ಕುಂಕುಮ ಕೆಂಪು ಇಟ್ಟಿಗೆಯ ಬಣ್ಣವಾಗಬಹುದು. ‘ಬಣ್ಣ ಮಾತ್ರ ಮಂಕು’ ಎಂಬ ಲಕ್ಷಣ ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಫೈಲನ್ನು ಎಸ್‌ಆರ್‌ಜಿಬಿ (ಪರದೆಗಳಲ್ಲಿ ಬಳಸುವ ಆರ್‌ಜಿಬಿಯ ಒಂದು ಮಾನಕ) ಪ್ರೊಫೈಲ್‌ನಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿಸಿದರೆ ಸರಿಹೋಗುತ್ತದೆ. ಫೇಸ್‌ಬುಕ್ ಕೇಳುವುದೂ ಎಸ್‌ಆರ್‌ಜಿಬಿಯನ್ನೇ.

ಇದರ ಜೊತೆ ಬರುವ ಇನ್ನೊಂದು ಮಾತು ಡಿಪಿಐ. ‘300 ಡಿಪಿಐ ಇದೆ, ಆದರೂ ಮಬ್ಬು’ ಎನ್ನುತ್ತಾರೆ. ಆ ಸಂಖ್ಯೆ ಕಾಗದದ ಮೇಲೆ ಇಂಚಿಗೆ ಎಷ್ಟು ಚುಕ್ಕಿ ಹಾಕಬೇಕೆಂದು ಮುದ್ರಣ ಯಂತ್ರಕ್ಕೆ ಹೇಳುವುದು. ಪರದೆ ಅದನ್ನು ಓದುವುದೇ ಇಲ್ಲ. 1640 × 720ರ ಚಿತ್ರ 72 ಡಿಪಿಐ ಆಗಿದ್ದರೂ 300 ಆಗಿದ್ದರೂ ಫೇಸ್‌ಬುಕ್‌ನಲ್ಲಿ ಒಂದೇ.

ಗುಂಪು ಫೋಟೊ ಕೂರದೆ ಇದ್ದಾಗ

ಕ್ಯಾಮೆರಾದಿಂದ ಬರುವ ಫೋಟೊ ಬಹುಪಾಲು 4:3 ಅಥವಾ 3:2. 4000 × 3000ರ ಒಂದು ಗುಂಪು ಫೋಟೊವನ್ನು ಕಂಪ್ಯೂಟರಿನ ಕವರ್‌ಗೆ ಹಾಕಿದರೆ ಅದರ 3000 ಎತ್ತರದಲ್ಲಿ ಉಳಿಯುವುದು 1481. ಅರ್ಧಕ್ಕಿಂತ ಕಡಿಮೆ. ಮುಂದೆ ಕೂತವರು, ನಡುವೆ ಕುರ್ಚಿಯವರು, ಹಿಂದೆ ನಿಂತವರು ಎಂದು ಮೂರು ಸಾಲಿದ್ದರೆ ಒಂದು ಸಾಲನ್ನು ಬಿಟ್ಟುಕೊಡಲೇಬೇಕು. ಯಾರನ್ನು ಬಿಡುವುದು? ಶಾಲೆಯ ಹಳೆಯ ವಿದ್ಯಾರ್ಥಿಗಳ ಪುಟಗಳಲ್ಲಿ ಹಿಂದಿನ ಸಾಲಿನವರ ಹಣೆ ಮಾತ್ರ ಕಾಣುವ ಕವರ್‌ಗಳನ್ನು ನೋಡುವಾಗ ನನಗೆ ಬೇಸರವಾಗುತ್ತದೆ. ಅಲ್ಲಿದ್ದವರಿಗೆ ತಮ್ಮ ಮುಖ ಕಾಣುವುದೇ ಮುಖ್ಯ.

ಇಡೀ ಫೋಟೊ ಬೇಕೇ ಬೇಕು ಎಂದಾದರೆ 1640 × 720ರ ಕ್ಯಾನ್ವಾಸ್ ತೆರೆದು, ಫೋಟೊವನ್ನು ಚಿಕ್ಕದಾಗಿಸಿ ನಡುವಿನ 560 ಎತ್ತರದೊಳಗೆ ಇಟ್ಟು, ಎರಡೂ ಪಕ್ಕಕ್ಕೆ ಅದೇ ಫೋಟೊದ ಮಬ್ಬು ಮಾಡಿದ ಪ್ರತಿ ಅಥವಾ ಒಂದೇ ಬಣ್ಣ ತುಂಬಿ. ಕ್ಯಾನ್ವಾ, ಗಿಂಪ್, ಫೋನಿನ ಸಾದಾ ಎಡಿಟರ್ ಯಾವುದರಲ್ಲೂ ಆಗುತ್ತದೆ. ಆದರೆ ಮೂವತ್ತು ನಲವತ್ತು ಜನರ ಮುಖ ಫೋನಿನಲ್ಲಿ ಅಕ್ಕಿಕಾಳಿನಷ್ಟಾಗುತ್ತದೆ. ನನ್ನನ್ನು ಕೇಳಿದರೆ ಗುಂಪು ಫೋಟೊಗೆ ಕವರ್ ಸರಿಯಾದ ಜಾಗವಲ್ಲ. ಅದನ್ನು ಪೋಸ್ಟ್ ಆಗಿ ಹಾಕಿ ಪಿನ್ ಮಾಡಿ, ಪೂರ್ತಿ ಕಾಣುತ್ತದೆ. ಕವರ್‌ಗೆ ಶಾಲೆಯ ಉದ್ದನೆಯ ಜಗಲಿಯದೋ ಮೈದಾನದ್ದೋ ಅಡ್ಡಚಿತ್ರ ಹಾಕಿ.

ಯೂಟ್ಯೂಬ್‌ನಲ್ಲಿ ಇದೇ ತೊಂದರೆ ಇನ್ನೂ ತೀವ್ರ. ಅಲ್ಲಿ ಬ್ಯಾನರ್‌ಗೆ ಶಿಫಾರಸಾದ ಅಳತೆ 2560 × 1440, ಕನಿಷ್ಠ 2048 × 1152, ಫೈಲ್ 6 ಎಂಬಿ ಒಳಗೆ. ಪೂರ್ತಿ ಚಿತ್ರ ಕಾಣುವುದು ಟಿವಿಯಲ್ಲಿ ಮಾತ್ರ. ಕಂಪ್ಯೂಟರಿನಲ್ಲಿ ನಡುವಿನ 423 ಎತ್ತರದ ಪಟ್ಟಿ ಕಾಣುತ್ತದೆ, ಎಲ್ಲ ಸಾಧನಗಳಲ್ಲೂ ಖಚಿತವಾಗಿ ಉಳಿಯುವುದು ನಡುವಿನ 1546 × 423. ಕನಿಷ್ಠ ಅಳತೆಯಲ್ಲಿ ಮಾಡಿದ್ದರೆ 1235 × 338. ಎತ್ತರದಲ್ಲಿ ಮೂರನೇ ಒಂದು ಭಾಗವೂ ಇಲ್ಲ.

ಯಕ್ಷಗಾನದ ಚಾನೆಲ್ ನಡೆಸುವವರಿಗೆ ಇದು ದೊಡ್ಡ ತಲೆನೋವು. ವೇಷದ ಸೊಗಸೆಲ್ಲ ಎತ್ತರದಲ್ಲಿದೆ. ಕಿರೀಟದಿಂದ ಗೆಜ್ಜೆಯವರೆಗೆ ನಿಂತ ವೇಷವೊಂದನ್ನು ಬ್ಯಾನರ್‌ನ ಪೂರ್ತಿ ಎತ್ತರಕ್ಕೆ ಇಟ್ಟರೆ ಟಿವಿಯಲ್ಲಿ ಭವ್ಯವಾಗಿ ಕಾಣುತ್ತದೆ, ಫೋನಿನಲ್ಲಿ ಎದೆಗಟ್ಟು ಮತ್ತು ಸೊಂಟದ ಪಟ್ಟಿ ಮಾತ್ರ. ಮುಖವೂ ಇಲ್ಲ, ಕಿರೀಟವೂ ಇಲ್ಲ. ಒಂಟಿ ವೇಷದ ಬದಲು ರಂಗಸ್ಥಳದ ಅಡ್ಡನೋಟ ಆರಿಸಿ: ಹಿಂದೆ ಭಾಗವತರು, ಮದ್ದಳೆ, ಚೆಂಡೆಯ ಹಿಮ್ಮೇಳ, ಮುಂದೆ ಎರಡು ಮೂರು ವೇಷಗಳು. ಒಂಟಿ ವೇಷವೇ ಬೇಕೆಂದರೆ ಮುಖ ಮತ್ತು ಕಿರೀಟದ ಸಮೀಪಚಿತ್ರವನ್ನು ಪೂರ್ತಿ 423ರೊಳಗೆ ಇಟ್ಟು, ಹೊರಗಿನ ದೊಡ್ಡ ಜಾಗವನ್ನು ಪರದೆಯ ಬಣ್ಣದಿಂದ ತುಂಬಿ.

ಮಬ್ಬಾಗಿ ಕಾಣುತ್ತಿದ್ದರೆ

ಇಲ್ಲಿ ಎರಡು ಕಾರಣಗಳನ್ನು ಬೇರೆ ಮಾಡಿ ನೋಡಬೇಕು. ಚಿತ್ರವೆಲ್ಲ ಒಂದೇ ಸಮ ಮೆತ್ತಗೆ, ಕನ್ನಡಕ ತೆಗೆದು ನೋಡಿದಂತಿದ್ದರೆ ಪಿಕ್ಸೆಲ್ ಸಾಲದು. ಚಿತ್ರ ಗಟ್ಟಿಯಾಗಿಯೇ ಇದ್ದು ಅಕ್ಷರಗಳ ಸುತ್ತ ಧೂಳಿನಂಥ ಚುಕ್ಕಿ, ಆಕಾಶದಲ್ಲಿ ಚೌಕ ಚೌಕದ ಗುರುತು ಕಂಡರೆ ಅದು ಜೆಪೆಗ್ ಕುಗ್ಗಿಸುವಿಕೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಪ್ರತಿಯೊಂದರಲ್ಲೂ ಸೂಕ್ಷ್ಮ ವಿವರ ಕಳೆಯುತ್ತದೆ. ಹೆಚ್ಚು ಒತ್ತಿದಾಗ ಆ ಚೌಕಗಳೇ ಹೊರಗೆ ಕಾಣುತ್ತವೆ.

ಪಿಕ್ಸೆಲ್ ಕೊರತೆಯ ಲೆಕ್ಕ ನೋಡಿ. ಇವತ್ತಿನ ಸಾಮಾನ್ಯ ಆಂಡ್ರಾಯ್ಡ್ ಫೋನಿನ ಪರದೆಯ ಅಗಲ 1080 ಪಿಕ್ಸೆಲ್. ನೀವು 851 × 315ರ ಚಿತ್ರ ಹಾಕಿದ್ದರೆ ಅದರಲ್ಲಿ ಫೋನಿಗೆ ಸಿಗುವುದು ನಡುವಿನ 560. ಆ 560 ಪಿಕ್ಸೆಲ್‌ಗಳನ್ನು 1080ಕ್ಕೆ ಹಿಗ್ಗಿಸಬೇಕು, ಹೆಚ್ಚುಕಡಿಮೆ ಎರಡು ಪಟ್ಟು. ಮೆತ್ತಗಾಗದೆ ಇನ್ನೇನು? 1640 × 720ರಲ್ಲಿ ಫೋನಿಗೆ ಸಿಗುವ ಭಾಗ 1280 ಅಗಲ. ಹಿಗ್ಗಿಸುವ ಪ್ರಶ್ನೆಯೇ ಇಲ್ಲ. ಫೇಸ್‌ಬುಕ್ ಒಪ್ಪುವ ಕನಿಷ್ಠ ಅಳತೆ 400 × 150. ಅದು ಅಪ್‌ಲೋಡ್ ಆಗಲು ಸಾಕು, ನೋಡಲು ಸಾಲದು. ಚಿಕ್ಕ ಚಿತ್ರವನ್ನು ಎಡಿಟರ್‌ನಲ್ಲಿ 1640ಕ್ಕೆ ಎಳೆದು ಹಾಕಿದರೂ ಲಾಭವಿಲ್ಲ. ಇಲ್ಲದ ವಿವರ ಎಳೆದರೆ ಹುಟ್ಟುವುದಿಲ್ಲ.

ಕುಗ್ಗಿಸುವಿಕೆಯ ಮುಖ್ಯ ದಾರಿ ವಾಟ್ಸ್‌ಆ್ಯಪ್. ವಿನ್ಯಾಸಕಾರರು ಗುಂಪಿಗೆ ಹಾಕುತ್ತಾರೆ. ಕಾರ್ಯದರ್ಶಿ ಒಂದಕ್ಷರ ತಿದ್ದಿ ಮತ್ತೆ ಹಾಕುತ್ತಾರೆ. ಪುಟ ನೋಡಿಕೊಳ್ಳುವವರು ಅದನ್ನು ಇಳಿಸಿ ಫೇಸ್‌ಬುಕ್‌ಗೆ ಏರಿಸುತ್ತಾರೆ, ಅಲ್ಲಿ ಇನ್ನೊಮ್ಮೆ ಕುಗ್ಗುತ್ತದೆ. ಪ್ರತಿ ಸಲ ಸೇವ್ ಆದಾಗಲೂ ಜೆಪೆಗ್ ಹೊಸದಾಗಿ ಕಳೆಯುತ್ತದೆ, ಹಿಂದೆ ಕಳೆದದ್ದು ಮರಳುವುದಿಲ್ಲ. 2023ರಲ್ಲಿ ವಾಟ್ಸ್‌ಆ್ಯಪ್ ಎಚ್‌ಡಿ ಆಯ್ಕೆ ಕೊಟ್ಟಿತು. ಅದು ವಾಸಿ, ಆದರೆ ಅಲ್ಲಿಯೂ ಸ್ವಲ್ಪ ಕುಗ್ಗುತ್ತದೆ. ಮೂಲ ಹಾಗೇ ಬರಬೇಕೆಂದರೆ ಪೇಪರ್‌ಕ್ಲಿಪ್ ಗುರುತು ಒತ್ತಿ, ಗ್ಯಾಲರಿಯ ಬದಲು ಡಾಕ್ಯುಮೆಂಟ್ ಆರಿಸಿ ಕಳಿಸಬೇಕು. ಇಮೇಲ್ ಅಥವಾ ಗೂಗಲ್ ಡ್ರೈವ್ ಲಿಂಕ್ ಕೂಡ ಆದೀತು.

ಸ್ಕ್ರೀನ್‌ಶಾಟ್ ತೆಗೆದು ಕವರ್ ಮಾಡುವುದು ಇದಕ್ಕಿಂತ ಕೆಟ್ಟದ್ದು. ನೆಟ್ಟಗೆ ಹಿಡಿದ ಫೋನಿನಲ್ಲಿ ಅಡ್ಡಚಿತ್ರದ ಅಗಲ ಪರದೆಯ 1080ಕ್ಕೆ ಮೀರುವುದಿಲ್ಲ. ಮೂಲ 5000 ಪಿಕ್ಸೆಲ್ ಇದ್ದರೂ ಸ್ಕ್ರೀನ್‌ಶಾಟ್ ಅಷ್ಟಕ್ಕೇ ನಿಲ್ಲುತ್ತದೆ.

ಫೈಲಿನ ತೂಕದ ಬಗ್ಗೆ ಒಂದು ಮಾತು. 851 × 315, 100 ಕೆಬಿಗಿಂತ ಕಡಿಮೆ, ಎಸ್‌ಆರ್‌ಜಿಬಿ ಜೆಪೆಗ್ ಆಗಿದ್ದರೆ ಕವರ್ ಬೇಗ ತೆರೆಯುತ್ತದೆ ಎಂದು ಫೇಸ್‌ಬುಕ್ ಹೇಳುತ್ತದೆ. ಮಲೆನಾಡಿನಂಥ ಕಡೆ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಅದು ಉಪಯೋಗದ ಮಾತೇ. ಆದರೆ 100 ಕೆಬಿ ಮುಟ್ಟಿಸಲೆಂದು ಜೆಪೆಗ್ ಗುಣಮಟ್ಟವನ್ನು ನೀವೇ ತೀರಾ ಇಳಿಸಿದರೆ ಚೌಕಗಳು ಅಲ್ಲೇ ಮೂಡಿಬಿಡುತ್ತವೆ. ಹಿನ್ನೆಲೆ ಒಂದೇ ಬಣ್ಣದ್ದು, ಮೇಲೆ ಹೆಸರು ಮತ್ತು ಲಾಂಛನ ಮಾತ್ರ ಎಂದಾದರೆ ಪಿಎನ್‌ಜಿ (ವಿವರ ಕಳೆಯದೆ ಉಳಿಸುವ ಚಿತ್ರದ ಫೈಲ್) ಮಾಡಿ. ಅದರಲ್ಲಿ ಅಂಚುಗಳು ಶುದ್ಧವಾಗಿರುತ್ತವೆ, ಫೈಲೂ ಹಗುರ. ಕಾಡು, ಜನ, ಜಾತ್ರೆಯ ಫೋಟೊ ಆದರೆ ಜೆಪೆಗ್, ಗುಣಮಟ್ಟ 80-85ರ ಸುತ್ತ. ತೂಕ 300 ಕೆಬಿ ಆದರೂ ಪರವಾಗಿಲ್ಲ ಎಂಬುದು ನನ್ನ ನಿಲುವು.

ಹಳದಿ ಮೇಲಿನ ಕೆಂಪು

ಅಳತೆ ಸರಿ, ಫೈಲ್ ಮೂಲದ್ದೇ. ಆದರೂ ರಾಜ್ಯೋತ್ಸವದ ಕವರ್‌ನಲ್ಲಿ ಕೆಂಪು ಅಕ್ಷರದ ಅಂಚು ಹಳದಿಗೆ ಸೋರಿದಂತೆ ಕಾಣುತ್ತದೆ. ಇದಕ್ಕೆ ಕಾರಣ ಬೇರೆ. ಮನುಷ್ಯರ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲ. ಜೆಪೆಗ್ ಇದರ ಲಾಭ ಪಡೆದು ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ 2 × 2ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಉಳಿಸುತ್ತದೆ. ಬೆಟ್ಟ, ಮೋಡ, ಮುಖಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಾಢ ಹಳದಿಯ ಪಕ್ಕ ಗಾಢ ಕೆಂಪಿನ ಸಣ್ಣ ಗೆರೆ ಬಂದಾಗ ಅಂಚಿನ ಪಿಕ್ಸೆಲ್‌ಗಳು ಎರಡರ ಮಿಶ್ರಣವಾಗಿ ಕಂದುಗಟ್ಟುತ್ತವೆ.

ಇದೇ ಕಾರಣವೋ ಅಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಅದೇ ವಿನ್ಯಾಸದಲ್ಲಿ ಅಕ್ಷರದ ಬಣ್ಣವನ್ನು ಕಪ್ಪು ಮಾಡಿ ಇನ್ನೊಂದು ಪ್ರತಿ ಸೇವ್ ಮಾಡಿ. ಕಪ್ಪು ಅಕ್ಷರ ಚೂಪಾಗಿ ಬಂದು ಕೆಂಪು ಮಾತ್ರ ಸೋರಿದರೆ ಬಣ್ಣದ ಮಾಹಿತಿ ಕಳೆದದ್ದೇ ದೋಷ. ಎರಡೂ ಮಬ್ಬಾಗಿದ್ದರೆ ಹಿಂದಿನ ಭಾಗಕ್ಕೆ ಮರಳಿ. ಪರಿಹಾರವಾಗಿ ಅಕ್ಷರವನ್ನು ದಪ್ಪ ಮಾಡಿ, ಸಪೂರ ಫಾಂಟ್ ಬಿಡಿ, ಕೆಂಪು ಅಕ್ಷರಕ್ಕೆ ಕಡುಗೆಂಪಿನ ಅಥವಾ ಕಪ್ಪಿನ ತೆಳು ಹೊರಗೆರೆ ಕೊಡಿ, ಪಿಎನ್‌ಜಿಯಲ್ಲಿ ಏರಿಸಿ. ಧ್ವಜದ ಬಣ್ಣ ಬಿಡಬೇಕಾಗಿಲ್ಲ.

ಒತ್ತಕ್ಷರ ಹೋದರೆ

ಕವರ್‌ನಲ್ಲಿ ಕನ್ನಡ ಬರೆಯುವವರು ಇಂಗ್ಲಿಷ್ ವಿನ್ಯಾಸದ ಅಂಚನ್ನು ಹಾಗೇ ಅನುಸರಿಸಿದರೆ ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು ಇವೆ, ಕೆಳಗೆ ಒತ್ತು ಇಳಿಯುತ್ತದೆ. ‘ಸಾಂಸ್ಕೃತಿಕ’, ‘ಸ್ತ್ರೀ’, ‘ಲಕ್ಷ್ಮೀ’ ಇಂಥ ಪದಗಳಲ್ಲಿ ಒಂದರ ಕೆಳಗೋ ಪಕ್ಕಕ್ಕೋ ಇನ್ನೊಂದು. ‘ರಾಜ್ಯೋತ್ಸವ’ದ ಕೆಳ ಅಂಚು ಸ್ವಲ್ಪ ಹೋದರೆ ಉಳಿಯುವುದು ಕಾಗುಣಿತ ತಪ್ಪಿದ ಪದ. ಓದುವವರು ಅದನ್ನು ಕ್ರಾಪ್ ದೋಷ ಎಂದುಕೊಳ್ಳುವುದಿಲ್ಲ, ಕನ್ನಡ ಬಾರದವರ ಪುಟ ಎಂದುಕೊಳ್ಳುತ್ತಾರೆ. ಆದ್ದರಿಂದ ಸುರಕ್ಷಿತ ಜಾಗವನ್ನು ಅಳೆಯುವಾಗ ಸಾಲಿನ ಪಾದದಿಂದಲ್ಲ, ಅತಿ ಕೆಳಗಿನ ಒತ್ತಿನ ತುದಿಯಿಂದ ಅಳೆಯಿರಿ.

ಗಾತ್ರಕ್ಕೂ ಲೆಕ್ಕವಿದೆ. ಫೋನಿನ ಪರದೆ ಸುಮಾರು 7 ಸೆಂಟಿಮೀಟರ್ ಅಗಲ. ನಿಮ್ಮ ಕ್ಯಾನ್ವಾಸ್‌ನ 1280 ಪಿಕ್ಸೆಲ್ ಅಷ್ಟರಲ್ಲಿ ಕೂರುವುದರಿಂದ ಒಂದು ಮಿಲಿಮೀಟರ್‌ಗೆ ಸುಮಾರು 18 ಪಿಕ್ಸೆಲ್. ಮೂಲಾಕ್ಷರದ ಎತ್ತರ 3 ಮಿಲಿಮೀಟರ್ ಆದರೂ ಇದ್ದರೆ ಒತ್ತು ಬಿಡಿಸಿ ಓದಬಹುದು, ಅಂದರೆ 55-60 ಪಿಕ್ಸೆಲ್. ಅದಕ್ಕಿಂತ ಚಿಕ್ಕದಾಗಿ ಬರೆಯಬೇಕಾದ ವಿಷಯ ಕವರ್‌ನಲ್ಲಿ ಇರಬೇಕಾದ್ದೇ ಅಲ್ಲ. ದಿನಾಂಕ, ಸಮಯ, ಅತಿಥಿಗಳ ಪಟ್ಟಿಗೆ ಪೋಸ್ಟ್ ಇದೆ, ಈವೆಂಟ್ ಇದೆ.

ಒತ್ತುಗಳು ಕೆಳಗೆ ಇಳಿಯದೆ ‘ನ್’ ‘ನ’ ಎಂದು ಬಿಡಿಬಿಡಿಯಾಗಿ ನಿಂತಿದ್ದರೆ ಅದು ಅಳತೆಯ ದೋಷವಲ್ಲ. ಫೋಟೊಶಾಪ್‌ನ ಟೈಪ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಜೋಡಣೆ ಆನ್ ಆಗಿಲ್ಲ ಎಂದರ್ಥ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್-ರೆಡಿ ಲೇಔಟ್. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ನುಡಿ ತಂತ್ರಾಂಶದ ಹಳೆಯ ಫಾಂಟಿಗೆ ಹಾಕಿದಾಗಲೂ ಅಕ್ಷರ ಕೆಡುತ್ತದೆ. ಅಲ್ಲಿ ಯೂನಿಕೋಡ್ ಫಾಂಟ್ ಆರಿಸಬೇಕು.

ಬೇರೆ ತಾಣಗಳ ಅಳತೆ

ಫೇಸ್‌ಬುಕ್ ಗ್ರೂಪ್‌ನ ಕವರ್ ಪೇಜ್‌ನಂತಲ್ಲ. ಅದಕ್ಕೆ 1640 × 856, ಎತ್ತರ ಹೆಚ್ಚು. ಈವೆಂಟ್‌ಗೆ 1920 × 1005. ಪೇಜ್‌ನ ಕವರನ್ನೇ ಗ್ರೂಪ್‌ಗೆ ಹಾಕಿದಾಗ ಎಡಬಲ ಹೋಗುವುದು ಇದರಿಂದಲೇ. ಎಕ್ಸ್‌ನ (ಹಿಂದಿನ ಟ್ವಿಟರ್) ಹೆಡರ್ 1500 × 500, ಅಂದರೆ 3:1. ಅಲ್ಲಿಯೂ ಕೆಳಗಿನ ಎಡಕ್ಕೆ ಪ್ರೊಫೈಲ್ ವೃತ್ತ ಬರುತ್ತದೆ. ಲಿಂಕ್ಡ್‌ಇನ್‌ನ ವೈಯಕ್ತಿಕ ಪುಟಕ್ಕೆ 1584 × 396, ಅಂದರೆ 4:1. ಇದು ಇನ್ನೂ ತೆಳುವಾದ ಪಟ್ಟಿ, ಎಡಭಾಗವನ್ನು ಖಾಲಿ ಬಿಟ್ಟು ಬರಹವನ್ನು ಬಲಕ್ಕೆ ಇಡಬೇಕು. ಒಂದೇ ಚಿತ್ರವನ್ನು ಎಲ್ಲ ಕಡೆ ಹಾಕುವ ಆಸೆ ಬೇಡ. ಪದರಗಳಿರುವ ಒಂದು ಮೂಲ ಫೈಲ್ ಇಟ್ಟುಕೊಂಡು ಪ್ರತಿ ತಾಣಕ್ಕೂ ಬೇರೆ ಪ್ರತಿ ತೆಗೆಯಿರಿ.

ಊಹೆ ಬೇಡ, ಗೆರೆ ಹಾಕಿ ನೋಡಿ

ತಾಣಗಳು ತಮ್ಮ ವಿನ್ಯಾಸ ಬದಲಿಸುತ್ತಲೇ ಇರುತ್ತವೆ. ಮೇಲಿನ ಸಂಖ್ಯೆಗಳ ಮೇಲೆ ಅನುಮಾನ ಬಂದರೆ ನೀವೇ ಪರೀಕ್ಷಿಸಬಹುದು. 1640 × 720ರ ಖಾಲಿ ಚಿತ್ರದಲ್ಲಿ 40 ಪಿಕ್ಸೆಲ್‌ಗೆ ಒಂದರಂತೆ ಅಡ್ಡ ಮತ್ತು ಲಂಬ ಗೆರೆ ಎಳೆಯಿರಿ. ಲಂಬ ಸಾಲುಗಳಿಗೆ 1ರಿಂದ 41ರವರೆಗೆ, ಅಡ್ಡ ಸಾಲುಗಳಿಗೆ 1ರಿಂದ 18ರವರೆಗೆ ಸಂಖ್ಯೆ ಬರೆಯಿರಿ. ಅದನ್ನು ಕವರ್ ಮಾಡಿ ಫೋನಿನಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಕಾಣುತ್ತದೆ, ಪ್ರೊಫೈಲ್ ವೃತ್ತ ಯಾವ ಮನೆಗಳನ್ನು ಮುಚ್ಚುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ. ಎರಡರಲ್ಲೂ ಕಂಡ ಮನೆಗಳೇ ನಿಮ್ಮ ಜಾಗ.

ಈ ಪರೀಕ್ಷೆಯನ್ನು ಚಾಲ್ತಿಯಲ್ಲಿರುವ ಪುಟದಲ್ಲಿ ಮಾಡಬೇಡಿ. ಕವರ್ ಬದಲಾದದ್ದು ಹಿಂಬಾಲಕರಿಗೂ ಕಾಣಬಹುದು, ಫೇಸ್‌ಬುಕ್‌ನಲ್ಲಿ ಕವರ್ ಫೋಟೊ ಯಾವತ್ತೂ ಸಾರ್ವಜನಿಕ. ಪ್ರಯೋಗಕ್ಕೆಂದೇ ಒಂದು ಖಾಲಿ ಪೇಜ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ನಿಜವಾದ ಪುಟಕ್ಕೆ ಏರಿಸುವಾಗ ಕಂಪ್ಯೂಟರಿನಿಂದ ಏರಿಸಿ. ಮೇಲೆ ಕೆಳಗೆ ಎಳೆದು ಸರಿಪಡಿಸಿ, ಸೇವ್ ಒತ್ತುವ ಮೊದಲೇ ನೋಡಲು ಅನುಕೂಲ.

ಎಲ್ಲ ಸರಿಮಾಡಿ ಏರಿಸಿದ ಮೇಲೂ ಹಳೆಯ ಚಿತ್ರವೇ ಕಾಣುತ್ತಿದ್ದರೆ ಮತ್ತೆ ಮತ್ತೆ ಏರಿಸಬೇಡಿ. ಬ್ರೌಸರ್ ಅಥವಾ ಆ್ಯಪ್ ತನ್ನಲ್ಲಿ ಉಳಿಸಿಕೊಂಡ ಹಳೆ ಪ್ರತಿಯನ್ನು ತೋರಿಸುತ್ತಿರಬಹುದು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪುಟದ ವಿಳಾಸ ತೆರೆದು ನೋಡಿ, ಇಲ್ಲವೇ ಇನ್ನೊಬ್ಬರ ಫೋನಿನಲ್ಲಿ. ಅಲ್ಲಿ ಹೊಸದು ಕಂಡರೆ ನಿಮ್ಮ ಆ್ಯಪ್‌ನ ಕ್ಯಾಶೆ, ಅಂದರೆ ಹಾಗೆ ಉಳಿಸಿಕೊಂಡ ಪ್ರತಿಗಳನ್ನು, ಅಳಿಸಿದರೆ ಸಾಕು.